ಇಂಧನ ತಂತ್ರಜ್ಞಾನದ ಸಾಮಾಜಿಕ ಸುಸ್ಥಿರತೆ: ಕೊಡಗಿನ ಊರುಗಳಲ್ಲಿ ಅಳೆಯುವ ಬಗೆ

ಗ್ರಾಮ ಪಂಚಾಯಿತಿಯ ಮುಂದೆ ಸೌರದೀಪದ ಯೋಜನೆಯೋ, ತೊರೆಗೆ ಕಿರು ಟರ್ಬೈನ್ ಕೂರಿಸುವ ಪ್ರಸ್ತಾವವೋ, ಹೊಸ ವಿದ್ಯುತ್ ಮಾರ್ಗವೋ ಬಂದಾಗ ಅದರ ಜೊತೆಗೆ ಎರಡು ಲೆಕ್ಕಗಳು ತಪ್ಪದೆ ಬರುತ್ತವೆ: ಎಷ್ಟು ಕಿಲೋವಾಟ್, ಎಷ್ಟು ರೂಪಾಯಿ. ಆ ಯಂತ್ರದೊಂದಿಗೆ ಮುಂದಿನ ಇಪ್ಪತ್ತು ವರ್ಷ ಬಾಳಬೇಕಾದವರು ಯಾರು, ಅದರ ಅನುಕೂಲ ಯಾರ ಮನೆಗೆ ಹೋಗುತ್ತದೆ, ಅಪಾಯ ಯಾರ ತಲೆಯ ಮೇಲೆ ಉಳಿಯುತ್ತದೆ, ಕೆಟ್ಟು ನಿಂತ ದಿನ ಯಾರನ್ನು ಕೇಳಬೇಕು ಎಂಬ ಮೂರನೆಯ ಲೆಕ್ಕವನ್ನು ಮಾತ್ರ ಯಾರೂ ಕೇಳದೆ ತರುವುದಿಲ್ಲ. ಸಾಮಾಜಿಕ ಸುಸ್ಥಿರತೆಯ ಮೌಲ್ಯಮಾಪನವೆಂದರೆ ಈ ಮೂರನೆಯ ಲೆಕ್ಕ. ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದವರು, ತೋಟದ ಮಾಲೀಕರು, ಸಮಾಜಕಾರ್ಯದ ವಿದ್ಯಾರ್ಥಿಗಳು ತಾವೇ ಕೂತು ಅದನ್ನು ಮಾಡಬಹುದು ಎಂಬ ಭರವಸೆಯಿಂದ, ಕೊಡಗಿನ ಸ್ಥಿತಿಗತಿಗೆ ಹೊಂದುವ ಹಾಗೆ, ಅದರ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಸರ್ಕಾರವೇ ಇದನ್ನು ಮಾಡಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ನಿಜ. ಆದರೆ 25 ಮೆಗಾವಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಘಟಕಗಳು, ಸೌರ ಫಲಕದ ಯೋಜನೆಗಳು, ವಿದ್ಯುತ್ ಪ್ರಸರಣ ಮಾರ್ಗಗಳು ಆ ಅಧಿಸೂಚನೆಯ ಪಟ್ಟಿಯೊಳಗೆ ಬರುವುದಿಲ್ಲ. ಅರಣ್ಯ ಭೂಮಿಯಾದರೆ ಬೇರೆ ಅನುಮತಿ ಬೇಕಾಗುತ್ತದೆ, ಅಷ್ಟೇ. ಎಂದರೆ ನಮ್ಮ ಜಿಲ್ಲೆಗೆ ಬರುವ ಸಾಧ್ಯತೆಯಿರುವ ಬಹುಪಾಲು ಯೋಜನೆಗಳಲ್ಲಿ ಜನರ ಮಾತು ಕೇಳಲೇಬೇಕು ಎಂಬ ಕಡ್ಡಾಯ ಈ ಅಧಿಸೂಚನೆಯಿಂದ ಬರುವುದಿಲ್ಲ. ಆ ಕೆಲಸ ಊರಿನವರ ಮೇಲೆಯೇ ಬೀಳುತ್ತದೆ.

ಮೊದಲು: ಯಂತ್ರವನ್ನಲ್ಲ, ಅದು ಕೊಡಬೇಕಾದ ಸೇವೆಯನ್ನು ಬರೆಯಿರಿ

"ಸೌರಶಕ್ತಿ ಒಳ್ಳೆಯದೇ?" ಎಂಬ ಪ್ರಶ್ನೆಗೆ ಉತ್ತರವಿಲ್ಲ. "ಈ ಹಾಡಿಯ (ಬುಡಕಟ್ಟು ಜನರ ಕೇರಿಯ) 30 ಮನೆಗಳಿಗೆ ವರ್ಷದ ಹನ್ನೆರಡು ತಿಂಗಳೂ ಸಂಜೆ 6ರಿಂದ ರಾತ್ರಿ 10ರವರೆಗೆ ಮೂರು ದೀಪ ಉರಿಯಬೇಕು, ಎರಡು ಮೊಬೈಲ್ ಚಾರ್ಜ್ ಆಗಬೇಕು" ಎಂದು ಬರೆದುಕೊಂಡರೆ ಉತ್ತರ ಹುಡುಕಬಹುದು. ಆಮೇಲೆ ಆ ಒಂದೇ ಸೇವೆಯನ್ನು ಕೊಡಬಲ್ಲ ಎರಡು ಮೂರು ದಾರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಹನ್ನೆರಡು ತಿಂಗಳೂ ಎಂಬ ಮಾತನ್ನು ಬಿಡಬೇಡಿ. ಜನವರಿಯಲ್ಲಿ ಎಲ್ಲ ತಂತ್ರಜ್ಞಾನವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಕ್ಕಡ ಮಾಸದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ತಿಂಗಳಲ್ಲಿ), ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕರೆಂಟ್ ಇಲ್ಲದಿರುವಾಗ, ಬಿಸಿಲು ಮುಖ ತೋರಿಸದಿರುವಾಗ ಅದು ಏನು ಮಾಡುತ್ತದೆ ಎನ್ನುವುದೇ ಇಲ್ಲಿನ ನಿಜವಾದ ಪರೀಕ್ಷೆ.

ಒಂದು ಉದಾಹರಣೆ ನೋಡಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಯ ಮಾಡಿನ ಮೇಲೆ 1 ಕಿಲೋವಾಟ್ ಸೌರ ಘಟಕಕ್ಕೆ 30,000 ರೂಪಾಯಿ, 2 ಕಿಲೋವಾಟ್‌ಗೆ 60,000, 3 ಕಿಲೋವಾಟ್ ಮತ್ತು ಅದಕ್ಕೂ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಆದರೆ ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ಘಟಕವು ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ತಂತಿ ಸರಿಪಡಿಸಲು ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಮನೆಯ ಕಡೆಯಿಂದ ವಿದ್ಯುತ್ ಹರಿದು ಆಘಾತವಾಗಬಾರದು ಎಂಬ ಸರಿಯಾದ ಕಾರಣಕ್ಕೇ ಹಾಗೆ ಮಾಡಿದ್ದಾರೆ. ಬಿಲ್ ಕಡಿಮೆ ಮಾಡಲು ಅದು ಒಳ್ಳೆಯ ಸಾಧನ. ಆಗಸ್ಟ್ ತಿಂಗಳ ಕತ್ತಲೆಗೆ ಅದು ಪರಿಹಾರವಲ್ಲ. ಸೇವೆಯನ್ನು ಮೊದಲೇ ಬರೆದುಕೊಂಡವರು ಈ ವ್ಯತ್ಯಾಸವನ್ನು ಹಣ ಕಟ್ಟುವ ಮುಂಚೆಯೇ ಕಾಣುತ್ತಾರೆ.

ಎರಡನೆಯದು: ಕಾಗದದಲ್ಲಿ ಹೆಸರಿಲ್ಲದವರಿಂದ ಪಟ್ಟಿ ಆರಂಭಿಸಿ

ಇಡೀ ಕ್ರಮದಲ್ಲಿ ನಾನು ಅತ್ಯಂತ ಮುಖ್ಯವೆಂದು ನಂಬಿರುವ ಹೆಜ್ಜೆ ಇದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2009ರಲ್ಲಿ ಪ್ರಕಟಿಸಿ 2020ರಲ್ಲಿ ಪರಿಷ್ಕರಿಸಿದ ಸಾಮಾಜಿಕ ಜೀವನಚಕ್ರ ಮೌಲ್ಯಮಾಪನದ (ಒಂದು ವಸ್ತು ತಯಾರಾಗುವುದರಿಂದ ಎಸೆಯುವವರೆಗೆ ಜನರ ಮೇಲೆ ಆಗುವ ಪರಿಣಾಮ ಅಳೆಯುವ ಕ್ರಮದ) ಮಾರ್ಗಸೂಚಿಯು ಕೆಲಸಗಾರರು, ಸ್ಥಳೀಯ ಸಮುದಾಯ, ಬಳಕೆದಾರರು, ಪೂರೈಕೆ ಸರಪಳಿಯಲ್ಲಿರುವವರು, ಒಟ್ಟು ಸಮಾಜ ಮತ್ತು ಮಕ್ಕಳು ಎಂದು ಆರು ಗುಂಪುಗಳನ್ನು ಹೆಸರಿಸುತ್ತದೆ. ಆ ಚೌಕಟ್ಟು ಉಪಯುಕ್ತವೇ. ಆದರೆ ಕೊಡಗಿನಲ್ಲಿ ಅದನ್ನು ತುಂಬಲು ಕೂತವರ ಕೈಗೆ ಮೊದಲು ಸಿಗುವುದು ಪಹಣಿ, ಮೀಟರ್ ಪಟ್ಟಿ, ಮತದಾರರ ಪಟ್ಟಿ. ಈ ಮೂರರಲ್ಲೂ ಇಲ್ಲದವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ.

ತೋಟದವರು ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿರುವ ಕಾರ್ಮಿಕ ಕುಟುಂಬಕ್ಕೆ ಮನೆ ಸ್ವಂತದ್ದಲ್ಲ. ಅಲ್ಲಿನ ಮೀಟರ್ ತೋಟದ ಹೆಸರಿನಲ್ಲಿದ್ದರೆ ಮನೆಯ ಹೆಸರಿಗೆ ಬರುವ ಯಾವ ಸಹಾಯಧನವೂ ಅವರನ್ನು ಮುಟ್ಟುವುದಿಲ್ಲ. ಸೂರ್ಯ ಘರ್ ಯೋಜನೆಗೆ ಸ್ವಂತ ಮಾಡು ಬೇಕು, ಕುಟುಂಬದ ಹೆಸರಿನ ವಿದ್ಯುತ್ ಸಂಪರ್ಕವೂ ಬೇಕು. ಹಾಡಿಗಳಲ್ಲಿರುವ ಜೇನು ಕುರುಬ, ಬೆಟ್ಟ ಕುರುಬ, ಯರವ, ಪಣಿಯ ಕುಟುಂಬಗಳಲ್ಲಿ ಹಲವರಿಗೆ ಹಕ್ಕುಪತ್ರವಿಲ್ಲ. ಪೈಸಾರಿ ಎಂದು ಕರೆಯುವ ಸರ್ಕಾರಿ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ವಿಳಾಸವೇ ಇಲ್ಲ. ಕೊಯ್ಲಿನ ಕಾಲಕ್ಕೆ ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದು ನಾಲ್ಕು ತಿಂಗಳು ಇದ್ದು ಹೋಗುವವರನ್ನು ಯಾವ ಸಮೀಕ್ಷೆಯೂ ಎಣಿಸುವುದಿಲ್ಲ. ಇನ್ನು ಜಮ್ಮಾ ಭೂಮಿಯ, ಅಂದರೆ ಒಕ್ಕಕ್ಕೆ (ಕೂಡುಕುಟುಂಬಕ್ಕೆ) ವಂಶಪಾರಂಪರ್ಯವಾಗಿ ಬಂದ ಜಮೀನಿನ, ಪಹಣಿಯಲ್ಲಿ ಒಕ್ಕದ ಮುಖ್ಯಸ್ಥರಾದ ಪಟ್ಟೇದಾರರ ಹೆಸರು ಇರುತ್ತದೆ. ಅದೇ ಒಕ್ಕದ ಉಳಿದ ಪಾಲುದಾರರು, ವಿಧವೆಯರು, ಮದುವೆಯಾಗಿ ಬಂದ ಹೆಣ್ಣುಮಕ್ಕಳು ಆ ಹಾಳೆಯಲ್ಲಿ ಕಾಣುವುದು ಕಷ್ಟ. ಕಂಬವೋ ಗೋಪುರವೋ ಬಂದು ಪರಿಹಾರದ ಮಾತೆದ್ದಾಗ ನೋಟಿಸು ಯಾರ ಹೆಸರಿಗೆ ಹೋಗುತ್ತದೆ ಎಂಬುದನ್ನು ಯೋಚಿಸಿದರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಗದ್ದೆಗೆ ಹೊಂದಿಕೊಂಡ ಮರಗಾಡಿನ ಬಾಣೆ ಜಾಗದಲ್ಲಿ ನಿಂತ ಮರದ ಹಕ್ಕು ಯಾರದು ಎಂಬ ಹಳೆಯ ತೊಡಕೂ ಅದೇ ಹೊತ್ತಿಗೆ ಎದುರಾಗುತ್ತದೆ.

ಆದ್ದರಿಂದ ಪಟ್ಟಿಯನ್ನು ಕೊನೆಯಿಂದ ಆರಂಭಿಸಿ. ರಸ್ತೆಯಿಂದ ಅತ್ಯಂತ ದೂರದ ಮನೆ ಯಾವುದು, ಕಂಬದಿಂದ ಅತ್ಯಂತ ದೂರದ್ದು ಯಾವುದು, ಯಾರ ಬಳಿ ಒಂದೂ ದಾಖಲೆಯಿಲ್ಲ ಎಂದು ಕೇಳಿ ಅವರ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯಿರಿ. ತೋಟದ ಲೆಕ್ಕಪತ್ರ ನೋಡುವ ರೈಟರ್, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಈ ಮೂವರ ಜೊತೆ ಕೂತರೆ ಅರ್ಧ ದಿನದಲ್ಲಿ ಪಟ್ಟಿ ಸಿದ್ಧವಾಗುತ್ತದೆ.

ಊರ ಹೊರಗಿನವರನ್ನೂ ಒಂದು ಸಾಲಿನಲ್ಲಾದರೂ ಸೇರಿಸಿ. ಲಿಥಿಯಂ ಬ್ಯಾಟರಿಯಲ್ಲಿ ಕೋಬಾಲ್ಟ್ ಇದ್ದರೆ ಅದರ ಬಹುಪಾಲು ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿನ ಸಣ್ಣ ಗಣಿಗಳಲ್ಲಿ ಮಕ್ಕಳು ದುಡಿಯುವ ವಿಷಯ ಜಗತ್ತಿಗೆ ತಿಳಿದದ್ದೇ. ಕೋಬಾಲ್ಟ್ ಇಲ್ಲದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮಾರುಕಟ್ಟೆಯಲ್ಲಿದೆ. ಟೆಂಡರ್ ಬರೆಯುವಾಗ ಅದನ್ನೇ ಕೇಳಬಹುದು.

ಮೂರನೆಯದು: ಪ್ರಶ್ನೆಗಳನ್ನು ಆಯ್ದುಕೊಳ್ಳಿ

ಅರವತ್ತು ಎಪ್ಪತ್ತು ಪ್ರಶ್ನೆಗಳ ನಮೂನೆ ತಂದರೆ ಹತ್ತನೆಯ ಪ್ರಶ್ನೆಗೇ ಕೇಳುವವರಿಗೂ ಹೇಳುವವರಿಗೂ ಸಾಕಾಗುತ್ತದೆ. ವಿಶ್ವಬ್ಯಾಂಕಿನ ಇಂಧನ ವಿಭಾಗವು 2015ರಲ್ಲಿ ಮುಂದಿಟ್ಟ ಬಹುಹಂತದ ಚೌಕಟ್ಟು ಈ ವಿಷಯದಲ್ಲಿ ನೆರವಾಗುತ್ತದೆ. ಒಂದು ಮನೆಗೆ ಕರೆಂಟ್ ಇದೆಯೋ ಇಲ್ಲವೋ ಎಂದು ಎರಡೇ ಖಾನೆ ಮಾಡದೆ ಅದು ಸಾಮರ್ಥ್ಯ, ದಿನದಲ್ಲಿ ಸಿಗುವ ಗಂಟೆ, ಭರವಸೆ, ವೋಲ್ಟೇಜ್, ಕೈಗೆಟುಕುವ ಬೆಲೆ, ಸಂಪರ್ಕದ ಕಾನೂನುಬದ್ಧತೆ, ಸುರಕ್ಷತೆ ಇವನ್ನು ಬೇರೆ ಬೇರೆಯಾಗಿ ನೋಡಿ ಸೊನ್ನೆಯಿಂದ ಐದರವರೆಗೆ ಹಂತ ಕೊಡುತ್ತದೆ. ಇದಕ್ಕೆ ನಾವು ಸೇರಿಸಬೇಕಾದವು ಕೆಲವಿವೆ: ಕೆಲಸ ಯಾರಿಗೆ ಸಿಗುತ್ತದೆ, ಜಾಗ ಮತ್ತು ನೀರು ಯಾರದು ಹೋಗುತ್ತದೆ, ದೇವರಕಾಡಿಗೆ ತಾಗುತ್ತದೆಯೇ, ಕೆಟ್ಟರೆ ಎಷ್ಟು ದಿನಕ್ಕೆ ದುರಸ್ತಿಯಾಗುತ್ತದೆ, ನಿರ್ಧಾರದಲ್ಲಿ ಯಾರು ಕೂತಿದ್ದರು. ಒಟ್ಟು ಹನ್ನೆರಡು ಪ್ರಶ್ನೆ ಸಾಕು.

ಅಡುಗೆ ಇಂಧನವಾದರೆ ಪ್ರಶ್ನೆ ಸ್ವಲ್ಪ ಬೇರೆ. 2016ರಲ್ಲಿ ಬಂದ ಉಜ್ವಲಾ ಯೋಜನೆಯಿಂದ ಒಲೆ, ಸಿಲಿಂಡರ್ ಮನೆಗೆ ಬಂದಿರಬಹುದು. ಕೇಳಬೇಕಾದದ್ದು ವರ್ಷಕ್ಕೆ ಎಷ್ಟು ಬಾರಿ ತುಂಬಿಸಿದಿರಿ, 14.2 ಕಿಲೋ ಅನಿಲದ ಸಿಲಿಂಡರನ್ನು ರಸ್ತೆಯಿಂದ ಮನೆಗೆ ಹೊತ್ತು ತರುವವರು ಯಾರು ಎಂದು. ಗೋಬರ್ ಗ್ಯಾಸ್ ಆದರೆ 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ನಾಲ್ಕೈದು ದನ ಕಟ್ಟಿದವರಿಗೆ ಮಾತ್ರ ಆಗುವ ಮಾತು.

ನಾಲ್ಕನೆಯದು: ಮನೆಗೆ ಹೋಗಿ ಕೇಳುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಪರವಾಗಿ ದಕ್ಷಿಣ ಕೊಡಗಿನ ಲೈನ್ ಮನೆಗಳಿಗೆ ಸಮೀಕ್ಷೆಗೆಂದು ಹೋದಾಗ ನಾವು ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು. ಫೆಬ್ರವರಿಯ ಹಗಲು ಹೊತ್ತಿನಲ್ಲಿ, ರೊಬಸ್ಟಾ ಕಾಫಿಯ ಕೊಯ್ಲಿನ ನಡುವೆ, ಸಂಸ್ಥೆ ಕೊಟ್ಟ ನಮೂನೆ ಹಿಡಿದುಕೊಂಡು ಹೋದೆವು. ಮನೆಯಲ್ಲಿದ್ದವರು ವಯಸ್ಸಾದವರು ಮತ್ತು ಮಕ್ಕಳು. "ಕರೆಂಟ್ ಇದೆಯೇ?" ಎಂಬ ಪ್ರಶ್ನೆಗೆ ಎಲ್ಲರೂ ಇದೆ ಎಂದರು. ನಾವೂ ಹೌದು ಎಂದು ಗುರುತು ಹಾಕಿಕೊಂಡು ಬಂದೆವು. ಆ ವರದಿಯ ಪ್ರಕಾರ ಅಲ್ಲಿ ಯಾವ ಕೊರತೆಯೂ ಇರಲಿಲ್ಲ.

ಅದೇ ಸಾಲಿಗೆ ನಾನು ಮತ್ತೆ ಹೋದದ್ದು ಜುಲೈ ಕೊನೆಯಲ್ಲಿ, ಸಂಜೆ ಏಳರ ಹೊತ್ತಿಗೆ. ಬಾಗಿಲಲ್ಲಿ ಮಳೆಗೆ ತಲೆಯ ಮೇಲೆ ಹೊದೆಯುವ, ನೆನೆದ ಗೊರಬೆಯನ್ನು ಒರಗಿಸಿಟ್ಟಿದ್ದರು. ಒಳಗೆ ಒಲೆಯ ಮೇಲೆ ಬೆತ್ತದ ತಟ್ಟಿ ಕಟ್ಟಿ ಅದರ ಮೇಲೆ ಒದ್ದೆ ಸೌದೆಯನ್ನೂ ಮಗುವಿನ ಸಮವಸ್ತ್ರವನ್ನೂ ಒಣಗಲು ಇಟ್ಟಿದ್ದರು.

"ಅಕ್ಕಾ, ನಿನ್ನೆ ರಾತ್ರಿ ಅಡುಗೆ ಮಾಡುವಾಗ ಬೆಳಕು ಯಾವುದಿತ್ತು?" ಎಂದು ಕೇಳಿದೆ.

"ಒಲೆ ಬೆಂಕಿಯದೇ ಅಣ್ಣಾ. ಮೊಬೈಲ್ ಟಾರ್ಚ್ ಇತ್ತು, ಅದನ್ನು ಮಗಳು ಓದಲು ಇಟ್ಟುಕೊಂಡಳು."

"ಮೊಬೈಲ್ ಎಲ್ಲಿ ಚಾರ್ಜ್ ಮಾಡುತ್ತೀರಿ?"

"ಗೋಡೌನಿನಲ್ಲಿ ಜನರೇಟರ್ ಹಾಕಿದಾಗ ರೈಟರ್ ಹತ್ತಿರ ಕೊಟ್ಟು ಬರುತ್ತೇವೆ. ಕರೆಂಟ್ ಹೋಗಿ ಐದು ದಿನ ಆಯಿತು."

ಆ ಮನೆಗೆ ಕರೆಂಟ್ ಇತ್ತು ಎಂಬುದೂ ಸುಳ್ಳಲ್ಲ. ಅಂದಿನಿಂದ ನಾನು ಇದೆಯೇ ಇಲ್ಲವೇ ಎಂದು ಕೇಳುವುದನ್ನು ಬಿಟ್ಟೆ. ನಿನ್ನೆ ರಾತ್ರಿ ಏನು ಮಾಡಿದಿರಿ, ಕಳೆದ ಕಕ್ಕಡದಲ್ಲಿ ಎಷ್ಟು ದಿನ ಕತ್ತಲೆಯಿತ್ತು, ಮಗು ಎಲ್ಲಿ ಕೂತು ಓದಿತು ಎಂದು ನಡೆದದ್ದನ್ನೇ ಕೇಳಬೇಕು. ವರ್ಷದಲ್ಲಿ ಎರಡು ಬಾರಿಯಾದರೂ, ಒಮ್ಮೆ ಮಳೆಗಾಲದಲ್ಲಿ ಮತ್ತೊಮ್ಮೆ ಬೇಸಿಗೆಯಲ್ಲಿ, ಕೆಲಸ ಮುಗಿದ ಹೊತ್ತಿನಲ್ಲಿ ಹೋಗಬೇಕು. ಹೆಂಗಸರೊಂದಿಗೆ ಬೇರೆಯಾಗಿ ಕೂರಬೇಕು. ಯರವ ಹಾಡಿಯಲ್ಲಿ ಅವರದೇ ಭಾಷೆ ಬಲ್ಲ ಒಬ್ಬ ಯುವತಿ ಜೊತೆಗಿದ್ದರೆ ಬರುವ ಉತ್ತರವೇ ಬೇರೆ. ತೋಟದ ಮಾಲೀಕರಾಗಲಿ ಮೇಸ್ತ್ರಿಯಾಗಲಿ ಪಕ್ಕದಲ್ಲಿ ನಿಂತಿದ್ದಾಗ ಪಡೆದ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಅವರ ಎದುರಿಗೆ ಮನೆಯ ಕೊರತೆ ಹೇಳಲು ಬಾಯಿ ಬರುವುದಿಲ್ಲ.

ಐದನೆಯದು: ಜೀವಕ್ಕೆ ಇರುವ ಅಪಾಯವನ್ನು ಬೇರೆ ಹಾಳೆಯಲ್ಲಿ ಬರೆಯಿರಿ

ಕೊಡಗಿನಲ್ಲಿ ಇದಕ್ಕೆ ಪ್ರತ್ಯೇಕ ಹಾಳೆಯೇ ಬೇಕು. ತೋಟದ ಮೇಲೆ ಹಾದುಹೋಗುವ 11 ಕಿಲೋವೋಲ್ಟ್ ತಂತಿಗಳು ಬಹುತೇಕ ಹೊದಿಕೆಯಿಲ್ಲದವು. ಕರಿಮೆಣಸು ಕೊಯ್ಯುವಾಗ, ಮರಗಸಿ ಮಾಡುವಾಗ (ನೆರಳಿನ ಮರದ ಕೊಂಬೆ ಸವರುವಾಗ) ಕಾರ್ಮಿಕರು ಹೊತ್ತು ತಿರುಗುವ ಉದ್ದದ ಅಲ್ಯುಮಿನಿಯಂ ಏಣಿ ಹಗುರವೆಂದೇ ಎಲ್ಲರಿಗೂ ಬೇಕು. ಒಂದು ಮರದಿಂದ ಇನ್ನೊಂದಕ್ಕೆ ಅದನ್ನು ನೆಟ್ಟಗೆ ಹಿಡಿದು ಸಾಗಿಸುವಾಗ ಹೊತ್ತವರ ಕಣ್ಣು ಕಾಲಡಿಯ ಇಳಿಜಾರಿನ ಮೇಲಿರುತ್ತದೆ. ತಂತಿ ಎಲೆಗಳ ನಡುವೆ ಮರೆಯಾಗಿರುತ್ತದೆ. ಏಣಿಯ ತುದಿ ತಂತಿಗೆ ತಾಗಿ ಕಾರ್ಮಿಕರು ಸತ್ತ ಸುದ್ದಿ ಕೊಯ್ಲಿನ ಕಾಲದಲ್ಲಿ ನಾವು ಮತ್ತೆ ಮತ್ತೆ ಓದಿದ್ದೇವೆ. ಹೊಸ ಮಾರ್ಗ ಎಳೆಯುವ ಪ್ರಸ್ತಾವವಿದ್ದರೆ ಅದು ತೋಟದ ನಡುವೆ ಹೋಗುತ್ತದೆಯೋ ರಸ್ತೆಯಂಚಿನಲ್ಲೋ, ಹೊದಿಕೆಯುಳ್ಳ ಕೇಬಲ್ ಹಾಕುತ್ತಾರೆಯೇ, ತೋಟದವರು ಬಿದಿರು ಅಥವಾ ಫೈಬರ್ ಏಣಿಗೆ ಬದಲಾಗುತ್ತಾರೆಯೇ ಎಂಬುದನ್ನು ಹಣದ ಲೆಕ್ಕಕ್ಕಿಂತ ಮುಂಚೆ ತೀರ್ಮಾನಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಂತಿ ಹಾಯ್ದ ಜಾಗದ ಮರಗಳಿಗೆ ಕೆಂಪು ಬಣ್ಣದ ಪಟ್ಟಿ ಬಳಿಯಲು ಒಂದು ದಿನದ ಕೆಲಸ ಸಾಕು.

ಆನೆಯ ವಿಷಯವೂ ಇದೇ ಹಾಳೆಗೆ ಸೇರಬೇಕು. ಸೌರ ಬೇಲಿಯ ಯಂತ್ರವು ಸೆಕೆಂಡಿಗೊಂದರಂತೆ ಅತಿ ಚಿಕ್ಕ ಮಿಡಿತಗಳನ್ನಷ್ಟೇ ಬಿಡುತ್ತದೆ. ಆನೆ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಅದೇ ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಕೊಟ್ಟರೆ ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಅದು ಅಪರಾಧವೂ ಹೌದು. ಸರಿಯಾದ ಬೇಲಿಯಲ್ಲೂ ಒಂದು ಸಾಮಾಜಿಕ ಪ್ರಶ್ನೆಯಿದೆ: ಬೇಲಿ ಹಾಕಿಸಲು ಶಕ್ತಿಯಿರುವ ತೋಟದಿಂದ ತಿರುಗಿದ ಆನೆ ಬೇಲಿಯಿಲ್ಲದ ಸಣ್ಣ ಹಿಡುವಳಿದಾರನ ಗದ್ದೆಗೋ ಹಾಡಿಗೋ ಇಳಿಯುತ್ತದೆ. ಒಬ್ಬರ ಬೇಲಿಯನ್ನು ಅಳೆಯುವಾಗ ಪಕ್ಕದವರ ಮನೆಗೂ ಹೋಗಿ ಕೇಳಿ.

ಆರನೆಯದು: ತೀರ್ಮಾನ ಎಲ್ಲಿ ಆಯಿತು

2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಅರಣ್ಯವಾಸಿಗಳ ಊರಿಗೆ ವಿದ್ಯುತ್ ತಂತಿ, ಅಸಾಂಪ್ರದಾಯಿಕ ಇಂಧನದ ಘಟಕ ಮುಂತಾದ ಸೌಕರ್ಯಗಳಿಗಾಗಿ ಪ್ರತಿಯೊಂದಕ್ಕೂ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75 ಮರಗಳನ್ನು ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಲು ಅವಕಾಶವಿದೆ. ನಾಗರಹೊಳೆಯ ಅಂಚಿನ ಹಾಡಿಗಳಿಗೆ ಇದು ಬಹಳ ಬೆಲೆಬಾಳುವ ಕಲಮು. ಕಾಡಿನೊಳಗೆ ಕರೆಂಟ್ ಕೊಡಲು ಕಾನೂನೇ ಇಲ್ಲ ಎಂದು ಯಾರಾದರೂ ಹೇಳಿದರೆ ಇದನ್ನು ತೋರಿಸಿ. ಈ ಕಾಯ್ದೆಯಡಿಯ ಗ್ರಾಮಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ಸಭೆಯ ನಡಾವಳಿ ಪುಸ್ತಕ ತರಿಸಿ ಸಹಿಗಳನ್ನು ಎಣಿಸಿ; ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ.

ಮೈಸೂರಿನಿಂದ ಕೊಡಗಿನ ಮೂಲಕ ಕೋಳಿಕ್ಕೋಡಿಗೆ ಹೋದ 400 ಕಿಲೋವೋಲ್ಟ್ ಮಾರ್ಗಕ್ಕಾಗಿ ಸಾವಿರಾರು ಮರಗಳನ್ನು ಕಡಿದಾಗ ಜಿಲ್ಲೆಯಲ್ಲಿ ಎದ್ದ ವಿರೋಧ ಹಲವರಿಗೆ ನೆನಪಿರಬಹುದು. ಕೇರಳದ ಮನೆಗಳಿಗೂ ವಿದ್ಯುತ್ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನಷ್ಟ ಒಂದು ಕಡೆಯವರಿಗೆ, ಬೆಳಕು ಇನ್ನೊಂದು ಕಡೆಯವರಿಗೆ ಎಂದಾದಾಗ ಮಾರ್ಗದ ಆಯ್ಕೆಯನ್ನು ಮೊದಲೇ ಜನರ ಮುಂದೆ ಇಡಬೇಕಿತ್ತು ಎಂಬ ಮಾತಿಗೆ ತೂಕವಿದೆ. ನಿಮ್ಮ ವರದಿಯಲ್ಲಿ ಬೇರೆ ದಾರಿಗಳನ್ನು ಜನರಿಗೆ ತೋರಿಸಿದ್ದರೇ ಎಂಬ ಸಾಲು ಇರಲೇಬೇಕು.

ಏಳನೆಯದು: ಅಂಕ ಕೊಡಿ, ಸರಾಸರಿ ಮಾಡಬೇಡಿ

ಪ್ರತಿ ಗುಂಪಿನ ಎದುರು ಪ್ರತಿ ಪ್ರಶ್ನೆಗೆ ಒಳಿತು, ವ್ಯತ್ಯಾಸವಿಲ್ಲ, ಹಾನಿ ಎಂದು ಮೂರರಲ್ಲೊಂದು ಬರೆಯಿರಿ. ಮಾಲೀಕರಿಗೆ ತುಂಬ ಒಳಿತಾಗಿ ಲೈನ್ ಮನೆಗೆ ಹಾನಿಯಾದರೆ ಎರಡನ್ನೂ ಕೂಡಿಸಿ ಭಾಗಿಸಿದಾಗ ಎಲ್ಲವೂ ಸರಿಯಾಗಿದೆ ಎಂಬ ಸುಳ್ಳು ಚಿತ್ರ ಬರುತ್ತದೆ. ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಜಾಗವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಭೂಮಾಲೀಕರ ಮಟ್ಟಿಗೆ ಒಳ್ಳೆಯ ಕ್ರಮ. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ಸರಾಸರಿ ತೆಗೆದರೆ ಅವರು ಕಾಣುವುದಿಲ್ಲ. ಯಾವುದೇ ಒಂದು ಗುಂಪಿಗೆ ಜೀವ, ಮನೆ ಅಥವಾ ನೀರಿನ ವಿಷಯದಲ್ಲಿ ಹಾನಿ ಎಂದು ಬಂದರೆ ಅದನ್ನು ಸರಿಪಡಿಸುವವರೆಗೆ ಯೋಜನೆ ಮುಂದೆ ಹೋಗಬಾರದು ಎಂಬ ನಿಯಮವನ್ನು ಅಂಕ ಕೊಡುವ ಮುಂಚೆಯೇ ಒಪ್ಪಿಕೊಳ್ಳಿ.

ಮೇಲೆ ಹೇಳಿದ 30 ಮನೆಯ ಹಾಡಿಗೆ ಪಕ್ಕದ ತೊರೆಯಿಂದ ವಿದ್ಯುತ್ ತೆಗೆಯುವ ದಾರಿಯನ್ನು ಲೆಕ್ಕ ಹಾಕೋಣ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಕೊಳವೆಯಲ್ಲಿ ಇಳಿದರೆ 9.81ರಿಂದ ಗುಣಿಸಿ ಸುಮಾರು 1,960 ವಾಟ್ ಬರುತ್ತದೆ. ಕೊಳವೆ, ಟರ್ಬೈನ್, ಜನರೇಟರ್‌ಗಳಲ್ಲಿ ಅರ್ಧ ನಷ್ಟವಾದರೂ 980 ವಾಟ್ ಉಳಿಯುತ್ತದೆ. ಮನೆಗೆ 32 ವಾಟ್, ಅಂದರೆ 9 ವಾಟಿನ ಮೂರು ಎಲ್‌ಇಡಿ ಬಲ್ಬು ಉರಿದು ಒಂದು ಮೊಬೈಲ್‌ಗೂ ಸ್ವಲ್ಪ ಉಳಿಯುತ್ತದೆ. ಜೂನ್‌ನಿಂದ ಡಿಸೆಂಬರ್‌ವರೆಗೆ, ಸೌರಫಲಕ ಸೊರಗುವ ಮಳೆಗಾಲವೂ ಸೇರಿದಂತೆ, ಇದು ಹಗಲೂ ರಾತ್ರಿಯೂ ನಡೆಯುತ್ತದೆ. ತೊಡಕು ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ತೊರೆ ಬಡವಾಗುವ ಆ ಹೊತ್ತಿಗೇ ರೊಬಸ್ಟಾ ಗಿಡ ಹೂ ಬಿಡಲೆಂದು ತೋಟಗಳ ಸ್ಪ್ರಿಂಕ್ಲರ್‌ಗಳು ಅದೇ ನೀರನ್ನು ಎತ್ತುತ್ತವೆ. ಮೇಲಿನ ತೋಟ, ನಡುವಿನ ಟರ್ಬೈನ್, ಕೆಳಗಿನ ಕುಡಿಯುವ ನೀರಿನ ಗುಂಡಿ ಈ ಮೂರರ ನಡುವೆ ಲಿಖಿತ ಒಪ್ಪಂದವಿಲ್ಲದೆ ಆ ಘಟಕಕ್ಕೆ ಕೈ ಹಾಕಬಾರದು. ಬೇಸಿಗೆಗೆ ಸಣ್ಣ ಸೌರ ಸೆಟ್, ಮಳೆಗಾಲಕ್ಕೆ ತೊರೆ ಎಂದು ಜೋಡಿಸಿದರೆ ಎರಡರ ಕೊರತೆಯೂ ತುಂಬುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾಗುವ ದಾರಿ ಅದು.

ಎಂಟನೆಯದು: ಆಮೇಲಿನ ವರ್ಷಗಳು

ಸೀಸ-ಆಮ್ಲದ ಬ್ಯಾಟರಿ ಕೆಲವೇ ವರ್ಷ ಬಾಳುತ್ತದೆ. ಹೊಸದಕ್ಕೆ ಹಣ ಯಾವ ಖಾತೆಯಲ್ಲಿದೆ, ತಿಂಗಳಿಗೆ ಮನೆಯೊಂದಕ್ಕೆ ಎಷ್ಟು ಕಟ್ಟಬೇಕು, ಖಾತೆ ನಿರ್ವಹಿಸುವವರಲ್ಲಿ ಹಾಡಿಯ ಹೆಂಗಸರಿದ್ದಾರೆಯೇ ಎಂಬುದನ್ನು ಘಟಕ ಕೂರಿಸುವ ದಿನವೇ ಬರೆಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೌರ ಫಲಕಗಳೂ ಬಂದಿವೆ. ಗುಜರಿಯವನಿಗೆ ಕೊಟ್ಟ ಬ್ಯಾಟರಿಯನ್ನು ಎಲ್ಲೋ ಒಡೆದಾಗ ಸೀಸ ಸೇರುವುದು ಮಣ್ಣಿಗೆ, ಆಡುವ ಮಕ್ಕಳ ಮೈಗೆ. ಆದ್ದರಿಂದ ಮಾರಾಟಗಾರರ ಒಪ್ಪಂದದಲ್ಲಿ ಹಿಂದಕ್ಕೆ ಒಯ್ಯುವ ಸಾಲು ಇದೆಯೇ ಎಂದು ಓದಿ ನೋಡಿ. ದುರಸ್ತಿಗೆ ಹಾಡಿಯಲ್ಲೇ ಇಬ್ಬರು ಯುವಕ ಯುವತಿಯರಿಗೆ ತರಬೇತಿ ಕೊಡಿಸಿ, ಅವರ ಕೆಲಸಕ್ಕೆ ಸಂಬಳವನ್ನೂ ಗೊತ್ತುಮಾಡಿ.

ವರದಿ ಸಿದ್ಧವಾದ ಮೇಲೆ ಅದನ್ನು ಕಚೇರಿಗೆ ಕೊಡುವ ಮುಂಚೆ ಹಾಡಿಯ ಅಂಗನವಾಡಿಯಲ್ಲಿ ಎಲ್ಲರೆದುರು ಓದಿ ಹೇಳಿ. ತಪ್ಪೆಂದು ಅವರು ಹೇಳಿದ್ದನ್ನು ಅಲ್ಲೇ ತಿದ್ದಿ, ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು ಗೋಡೆಗೆ ತೂಗುಹಾಕಿ. ಮತ್ತೆ ಬಂದು ನೋಡುವ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಆ ದಿನಾಂಕ ಮುಂದಿನ ಕಕ್ಕಡದೊಳಗೆ ಬೀಳಲಿ.